ಕಾರಿನೊಳಗೆ ತಂಪು, ಕಡೂರಿನಲ್ಲಿ ನಾನು

ಮೂಡಿಗೆರೆಯಲ್ಲಿ ಯಾರ ವಿಷಯವನ್ನು ಬೇಕಾದರೂ ಆಡಿಕೊಳ್ಳಬಹುದು, ಸೆಕೆ ಎಂದು ಮಾತ್ರ ಅನ್ನುವಂತಿಲ್ಲ. ಅಂದರೆ ಊರಿಗೇ ದ್ರೋಹ ಬಗೆದವರನ್ನು ನೋಡುವ ಹಾಗೆ ನೋಡುತ್ತಾರೆ. ಹಣೆಯ ಬೆವರು ಮೂಗಿನ ತುದಿಗೆ ಬಂದು ಸಾರಿನ ಪಾತ್ರೆಗೆ ಹಾರಲು ಹೊಂಚು ಹಾಕುತ್ತಿದ್ದರೂ "ನಮ್ಮಲ್ಲಿ ಎಂಥ ಸೆಕೆ, ಗಾಳಿ ಸ್ವಲ್ಪ ಕಮ್ಮಿ ಅಷ್ಟೆ" ಅನ್ನಬೇಕು. ಈ ಪಂಥಕ್ಕೆ ಪೀಠಾಧಿಪತಿ ನನ್ನ ಯಜಮಾನರು, ರೇಣುಕಪ್ರಸಾದ್. ಪೇಟೆಯಲ್ಲಿ ಅವರದು ಪೈಪು, ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ಅಂಗಡಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟಕ್ಕೆ ನೀರು ಹಾರಿಸಲು ಎಸ್ಟೇಟಿನವರೆಲ್ಲ ಅವರ ಅಂಗಡಿಗೇ ಓಡಿ ಬರಬೇಕು. ಹೀಗಾಗಿ ಬಿಸಿಲು ಏರಿದಷ್ಟೂ ಅವರ ಮುಖ ತಂಪಾಗುತ್ತದೆ. (ಬೆವರುವ ಕೆಲಸವನ್ನು ಪೂರ್ತಿಯಾಗಿ ನನಗೆ ವಹಿಸಿಕೊಟ್ಟಿದ್ದಾರೆ.)

ಮನೆಗೆ ಎ.ಸಿ. ಹಾಕಿಸಿ ಎಂದು ಕೇಳಿದರೆ ಅವರಿಗೆ ಗೊತ್ತಿರುವ ಎ.ಸಿ. ಚಿಕ್ಕಮಗಳೂರಿನಲ್ಲಿ ಕೂರುವ ಅಸಿಸ್ಟೆಂಟ್ ಕಮಿಷನರ್ ಒಬ್ಬರೇ.

"ನಮ್ಮಜ್ಜ ಬೇಸಿಗೇಲೂ ಕಂಬಳಿ ಹೊದ್ದು ಮಲಗ್ತಿದ್ದ ಊರು ಮಾರಾಯ್ತಿ ಇದು."

"ನಿಮ್ಮಜ್ಜ ಹಂಚಿನ ಮನೇಲಿ ಮಲಗ್ತಿದ್ರು. ನೀವು ಹಂಚು ಇಳಿಸಿ ತಾರಸಿ ಹಾಕ್ಸಿದ್ರಿ. ನಾವೀಗ ಹೆಂಚಿನ ಮೇಲಿನ ಅಕ್ಕಿರೊಟ್ಟಿ."

ಹೋಗಲಿ, ಕಾರಿನಲ್ಲಿ ಒಂದು ಎ.ಸಿ. ಇತ್ತಲ್ಲ, ಅದಕ್ಕೂ ಯೋಗವಿಲ್ಲ. ಕಾರು ಮನೆಗೆ ಬಂದು ಮೂರು ವರ್ಷವಾದರೂ ಆ ಗುಂಡಿಯನ್ನು ಒತ್ತಿದವರಿಲ್ಲ. ಅವರು ಅಂಗಡಿಗೆ ನಡೆದೇ ಹೋಗುವವರು. ಕಾರು ವಾರವಿಡೀ ಪೋರ್ಟಿಕೋದಲ್ಲಿ ಮುಸುಕು ಹೊದ್ದು ಧ್ಯಾನ ಮಾಡುತ್ತಿರುತ್ತದೆ. ಒಮ್ಮೆ ಕೇಳಿಯೇಬಿಟ್ಟೆ.

"ಘಾಟಿಲಿ ಹಾಕಿದ್ರೆ ಇಂಜಿನ್ ಎಳಿಯಲ್ಲ. ಬಯಲಲ್ಲಿ ಹಾಕಿದ್ರೆ ಪೆಟ್ರೋಲ್ ಕುಡೀತದೆ. ನಿಂತಾಗ ಹಾಕಿದ್ರೆ ಬ್ಯಾಟರಿ ಹೋಗ್ತದೆ" ಎಂದರು.

"ಹಾಗಾದ್ರೆ ಹಾಕೋದು ಯಾವಾಗ?"

"ಮಾರುವಾಗ. ತಗೊಳ್ಳೋರಿಗೆ ತೋರ್ಸೋಕೆ."

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಈ ವರ್ಷ ಮಾರ್ಚ್ ಕಳೆದರೂ ಹೂಮಳೆ ಬರಲಿಲ್ಲ. ಅದರ ಬದಲು ದಾವಣಗೆರೆಯಿಂದ ಅತ್ತಿಗೆ ಬಂದರು. ಅತ್ತಿಗೆ ಸಾವಿತ್ರಮ್ಮ ನಮ್ಮವರ ಅಕ್ಕ. ಬೇಸಿಗೆಯಲ್ಲಿ ಹತ್ತು ದಿನ 'ತಂಪಿಗೆ' ಎಂದು ನಮ್ಮಲ್ಲಿಗೆ ಬರುವುದು ಅವರ ವಾಡಿಕೆ. ಬಸ್ಸಿಳಿದು ಮನೆಯೊಳಗೆ ಕಾಲಿಟ್ಟವರು ಸೆರಗಿನಿಂದ ಗಾಳಿ ಬೀಸಿಕೊಂಡು ತಾರಸಿಯತ್ತ ನೋಡಿದರು.

"ಏನವ್ವಾ ಮಂಗಳಾ, ಇದು ಮಲೆನಾಡೋ, ಮಂಡಕ್ಕಿ ಭಟ್ಟಿನೋ?"

ಮೂರನೆಯ ದಿನಕ್ಕೆ ಅವರು ದಾವಣಗೆರೆಯ ಸಮಸ್ತ ಬಂಧುಗಳಿಗೆ ಫೋನು ಮಾಡಿ, ಮಲೆನಾಡಿನ ಕತೆ ಮುಗಿಯಿತೆಂದು ಸಾರಿ ಆಗಿತ್ತು. "ನಮ್ಮನ್ಯಾಗ ಮಗ ಎ.ಸಿ. ಹಾಕ್ಸ್ಯಾನ. ಅದನ್ನ ಬಿಟ್ಟು ಇಲ್ಲಿ ಬೇಯಾಕ ಬಂದೀನಿ ನೋಡು" ಎಂದು ನನ್ನೆದುರೇ ಹೇಳುತ್ತಿದ್ದರು. ಊರನ್ನು ಬೈಯುವ ಹಕ್ಕು ಊರಿನವರಿಗೆ ಮಾತ್ರ. ನನಗೆ ರೋಷ ಉಕ್ಕಿತು. ಮೂಡಿಗೆರೆಯಲ್ಲೂ ತಂಪಿದೆ ಎಂದು ತೋರಿಸಿಯೇ ತೀರುತ್ತೇನೆ ಎಂದು ನಿಶ್ಚಯಿಸಿ, ಯಜಮಾನರು ಅಂಗಡಿಗೆ ಹೋದ ಕೂಡಲೇ ಮುಸುಕು ಎಳೆದು ಕಾರನ್ನು ಇಲಿಯಾಸನ ಗ್ಯಾರೇಜಿಗೆ ಓಡಿಸಿದೆ. (ನನಗೂ ಲೈಸೆನ್ಸ್ ಇದೆ. ಅದನ್ನು ಬೀರುವಿನಲ್ಲಿ ಮದುವೆ ಸೀರೆಯ ಜೊತೆ ಇಟ್ಟವರು ಯಾರು ಎಂದು ಹೇಳಬೇಕಿಲ್ಲ.)

ಗೋಣಿಬೀಡು ರಸ್ತೆಯಲ್ಲಿರುವ ಇಲಿಯಾಸ್ ನಮ್ಮ ಕಾರಿಗೆ ಕುಲವೈದ್ಯ. ಅವನು ಎ.ಸಿ. ಹಾಕಿದ. ಏನೋ ಸತ್ತ ವಾಸನೆ ಬಂತೇ ಹೊರತು ಗಾಳಿ ಬರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಫಿಲ್ಟರ್ ಎಳೆದರೆ ಅದರ ಜೊತೆಗೆ ಒಂದು ಸುಸಜ್ಜಿತ ಸಂಸಾರವೇ ಹೊರಗೆ ಬಂತು: ಹತ್ತಿ, ಕಾಫಿ ಸಿಪ್ಪೆ, ಯಾರದೋ ಗೃಹಪ್ರವೇಶದ ಆಮಂತ್ರಣ ಪತ್ರಿಕೆ.

"ಇಲಿ ಹಿಡಿಯೋಕೆ ನನ್ನ ಹತ್ರನೇ ಬರ್ಬೇಕು ಅಕ್ಕಾ, ಹೆಸರಲ್ಲೇ ಉಂಟಲ್ಲ" ಎಂದು ನಕ್ಕ.

ಫಿಲ್ಟರ್ ಬದಲಾಯಿಸಿ, ಗ್ಯಾಸು ತುಂಬಿಸಿದ ಮೇಲೆ ಬಂದ ಗಾಳಿ ಇದೆಯಲ್ಲ, ಕಳಸದ ನನ್ನ ತವರಿನ ಜಗಲಿಯ ಮೇಲೆ ಡಿಸೆಂಬರಿನಲ್ಲಿ ಬೀಸುವಂಥದ್ದು. ಇಲಿಯಾಸ್ ಮಾತ್ರ ಬ್ಯಾಟರಿಯನ್ನು ನೋಡಿ ತಲೆ ಕೊಡವಿದ. ಅದರ ತಲೆಯ ಮೇಲೆ ವಿಭೂತಿಯಂಥ ಬಿಳಿ ಪುಡಿ ಕೂತಿತ್ತು. ಅದನ್ನು ಬಿಸಿನೀರು ಹಾಕಿ ತೊಳೆದು, ಒಳಗೆ ಇಳಿದಿದ್ದ ನೀರನ್ನು ತುಂಬಿಸಿದ.

"ಮಳೆಗಾಲದಲ್ಲಿ ಎಲ್ರೂ ಬ್ಯಾಟರಿ ಸತ್ತುಹೋಯ್ತು ಅಂತ ಬರ್ತಾರೆ ಅಕ್ಕಾ. ಸಾಯ್ಸೋದು ಈ ಬಿಸ್ಲು. ಇದಕ್ಕೆ ವಯಸ್ಸಾಗಿದೆ. ಇಂಜಿನ್ ಚಾಲೂ ಇದ್ರೆ ಮಾತ್ರ ಎ.ಸಿ. ಹಾಕಿ. ಇಂಜಿನ್ ನಿಲ್ಸಿದ್ರೆ ತಂಪೂ ಬರಲ್ಲ, ಬರೀ ಫ್ಯಾನ್ ತಿರುಗಿ ಬ್ಯಾಟರಿ ತಿಂದುಹಾಕ್ತದೆ. ಮತ್ತೆ ಪೋರ್ಟಿಕೋದೊಳಗೆ ಬೇಡ, ಹೊಗೆ. ಬಯಲಲ್ಲಿ ನಿಲ್ಸಿ."

ನಾನು ತಲೆಯಾಡಿಸಿದೆ. ತಲೆಯಾಡಿಸುವಾಗ ನಾನು ಯಾವಾಗಲೂ ಮುಂದಿನ ಕೆಲಸದ ಯೋಚನೆಯಲ್ಲಿರುತ್ತೇನೆ.

ಅಂದು ಮಧ್ಯಾಹ್ನ ಊಟವಾದ ಮೇಲೆ ಕಾರನ್ನು ಮನೆಯೆದುರಿನ ಹಲಸಿನ ಮರದ ಕೆಳಗೆ ನಿಲ್ಲಿಸಿ, ಅತ್ತಿಗೆಯನ್ನು ಮುಂದಿನ ಸೀಟಿನಲ್ಲಿ ಪ್ರತಿಷ್ಠಾಪಿಸಿ, ಗುಂಡಿ ಒತ್ತಿದೆ. ಅವರು ಏನೋ ಟೀಕೆ ಮಾಡಲು ಬಾಯಿ ತೆರೆದರು. ತಂಪು ಬಾಯೊಳಗೆ ಹೋಯಿತು. ಬಾಯಿ ಮುಚ್ಚಿತು. ಹದಿನೈದು ನಿಮಿಷದ ನಂತರ ಸೆರಗು ಹೊದ್ದುಕೊಂಡು, "ಹಿಂಗಿರಬೇಕವ್ವಾ ಮಲೆನಾಡು ಅಂದ್ರ" ಎಂದರು. ಆ ಕ್ಷಣದಲ್ಲಿ ತಾಲ್ಲೂಕಿನ ಮಾನ ಕಾಪಾಡಿದವಳು ನಾನೊಬ್ಬಳೇ ಎಂದು ನನಗೆ ಅನಿಸಿತು. ಈಗಲೂ ಅನಿಸುತ್ತದೆ.

ಮರುದಿನದಿಂದ ಅದು ನಮ್ಮ ಹವಾನಿಯಂತ್ರಿತ ಶಯನಗೃಹವಾಯಿತು. ಅತ್ತಿಗೆ ದಿಂಬು ತಂದರು, ಚಾದರ ತಂದರು, ಖಾರ ಮಂಡಕ್ಕಿಯ ಡಬ್ಬ ತಂದರು. ಫೋನಿನಲ್ಲಿ ಧಾರಾವಾಹಿ ಹಾಕಿಕೊಂಡು ಅದನ್ನು ಕಾರಿಗೇ ಚಾರ್ಜಿಗೆ ಚುಚ್ಚಿದರು. ಯಜಮಾನರು ಮನೆಗೆ ಬರುವಷ್ಟರಲ್ಲಿ ಕಾರು ಮುಸುಕು ಹೊದ್ದು ಏನೂ ಅರಿಯದ ಹಾಗೆ ನಿಂತಿರುತ್ತಿತ್ತು. ನಾನೂ ಅಷ್ಟೆ.

ಬುಧವಾರ ಅತ್ತಿಗೆಯಿಂದ ದೂರು ಬಂತು. "ಈ ಗುರ್ ಗುರ್ ನಿಲ್ಸವ್ವಾ. ನಿದ್ದಿ ಬರವಲ್ದು."

"ಅದು ಇಂಜಿನ್ನು ಅತ್ತಿಗೆ. ನಿಲ್ಸಿದ್ರೆ ಬ್ಯಾಟರಿಗೆ ತೊಂದ್ರೆ ಅಂತೆ."

"ಒಳಗ ತುಂಬಿದ ತಂಪು ಎಲ್ಲಿಗೆ ಓಡಿ ಹೊಕ್ಕೈತಿ? ಫ್ಯಾನು ಅದನ್ನ ತಿರುಗಿಸಿದ್ರ ಸಾಕು."

ತಪ್ಪು ಮಾತೇ. ಆದರೆ ಕೇಳಲು ಎಷ್ಟು ಸರಿಯಾಗಿತ್ತೆಂದರೆ ನಾನು ಇಂಜಿನ್ ನಿಲ್ಲಿಸಿ ಫ್ಯಾನು ಮಾತ್ರ ಉಳಿಸಿದೆ. ಅವರು ಗೊರಕೆ ಹೊಡೆದರು. ಗುರುವಾರವೂ ಹಾಗೇ. ಶುಕ್ರವಾರ ರೇಡಿಯೋವನ್ನೂ ಸೇರಿಸಿಕೊಂಡೆವು.

ಶನಿವಾರ ಅತ್ತಿಗೆ ಹೊರಡುವ ದಿನ. ಭಾನುವಾರ ಅವರ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿರಿಯಳಾಗಿ ಇವರು ಅಲ್ಲಿ ಇರಲೇಬೇಕು. ಕಡೂರಿನಲ್ಲಿ ಹನ್ನೊಂದು ಗಂಟೆಗೆ ರೈಲು. ಎಂಟು ಗಂಟೆಗೆ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಅಕ್ಕನ ಚೀಲಗಳನ್ನೆಲ್ಲ ಡಿಕ್ಕಿಗೆ ತುಂಬಿ, ದೇವರಿಗೆ ಕೈ ಮುಗಿದು ಕೀ ತಿರುಗಿಸಿದರು.

ಟಿಕ್.

ಇನ್ನೊಮ್ಮೆ ತಿರುಗಿಸಿದರು. ಟಿಕ್ ಕೂಡ ಇಲ್ಲ.

"ಮೊನ್ನೆ ಭಾನುವಾರ ಚೆನ್ನಾಗಿತ್ತಲ್ಲ" ಎಂದು ನನ್ನ ಕಡೆ ತಿರುಗಿದರು.

"ಸೆಕೆ ಅಲ್ವಾ" ಎಂದೆ.

"ನಮ್ಮಲ್ಲಿ ಎಂಥ ಸೆಕೆ" ಎನ್ನಲು ಹೋದವರು ಬೆವರು ಒರೆಸಿಕೊಂಡರು. ಇಲಿಯಾಸನಿಗೆ ಫೋನು ಮಾಡಿದರೆ ಅವನು ಕೊಟ್ಟಿಗೆಹಾರದಲ್ಲಿ ಯಾವುದೋ ಜೀಪಿನ ಕೆಳಗೆ ಮಲಗಿದ್ದ. "ನಿಮ್ಮ ಮನೆ ಎದುರು ಇಳಿಜಾರು ಉಂಟಲ್ಲ ಅಣ್ಣಾ, ತಳ್ಳಿ. ಎರಡನೇ ಗೇರು. ಒಂದ್ಸಲ ಚಾಲೂ ಆದ್ರೆ ವಾಪಸ್ ನನ್ನ ಗ್ಯಾರೇಜಿಗೆ ಬರೋವರೆಗೆ ಆಫ್ ಮಾಡ್ಬೇಡಿ. ಅಕ್ಕನಿಗೆ ನಾನು ಅವತ್ತೇ ಹೇಳಿದ್ದೆ" ಎಂದ. ಫೋನು ಸ್ಪೀಕರಿನಲ್ಲಿತ್ತು. ನಾನು ಹಲಸಿನ ಮರ ನೋಡಿದೆ.

"ಅವತ್ತು ಅಂದ್ರೆ ಯಾವತ್ತು?" ಎಂದರು ಯಜಮಾನರು.

"ವಿಚಾರಣೆ ಆಮೇಲೆ ಮಾಡಿ. ರೈಲು ಕಾಯಲ್ಲ. ಇಳೀರಿ, ತಳ್ಳಿ" ಎಂದೆ ನಾನು.

"ನೀನು ತಳ್ಳು, ನಾನು ಬಿಡ್ತೀನಿ."

"ಲೈಸೆನ್ಸ್ ಇಬ್ರಿಗೂ ಇದೆ. ನೂರು ಕಿಲೋ ಪಂಪು ಎತ್ತೋ ತೋಳು ನಿಮಗೊಬ್ರಿಗೇ ಇರೋದು."

ಹೊಗಳಿಕೆಗೆ ಅವರು ಇಳಿದರು. ಅತ್ತಿಗೆಯನ್ನು ಇಳಿಯಲು ಕೇಳಿದ್ದಕ್ಕೆ, "ನೆಂಟರನ್ನ ಇಳಿಸಿ ತಳ್ಳಸ್ತೀರೇನು?" ಎಂದು ಸೀಟಿನಲ್ಲಿ ಇನ್ನಷ್ಟು ಆಳಕ್ಕೆ ಕೂತರು. ಹೀಗೆ ಅತ್ತಿಗೆ, ಅವರ ಕಾಫಿಪುಡಿ, ಜೇನು, ಉಪ್ಪಿನಕಾಯಿ ಎಲ್ಲವನ್ನೂ ಸೇರಿಸಿ ಯಜಮಾನರು ತಳ್ಳಿದರು. ಕಾರು ಇಳಿಜಾರಿಗೆ ಬಿತ್ತು. ನಾನು ಕ್ಲಚ್ ಬಿಟ್ಟೆ. ಅದು ಒಮ್ಮೆ ಕೆಮ್ಮಿತು, ಸೀನಿತು, ಆಮೇಲೆ ಗರ್ಜಿಸಿತು.

ಕನ್ನಡಿಯಲ್ಲಿ ಯಜಮಾನರು ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇಂಜಿನ್ ಆಫ್ ಆದೀತು ಎಂಬ ಭಯ ಅರ್ಧ. ಉಳಿದರ್ಧ ಏನೆಂದು ಹೇಳುವುದಿಲ್ಲ.

ಊರು ದಾಟಿದ ಕೂಡಲೇ ಎ.ಸಿ. ಹಾಕಿದೆ. ಚಿಕ್ಕಮಗಳೂರಿನವರೆಗೆ ಏರಿನಲ್ಲೂ ಹಾಕಿದೆ, ಅಲ್ಲಿಂದ ಕಡೂರಿನವರೆಗೆ ಬಯಲಿನಲ್ಲೂ ಹಾಕಿದೆ. ಇಂಜಿನ್ ಚೆನ್ನಾಗಿಯೇ ಎಳೆಯಿತು. ಯಜಮಾನರ ಫೋನು ನಾಲ್ಕು ಸಲ ಬಂತು. ಅತ್ತಿಗೆಯೇ ಎತ್ತಿ, "ಮಂಗಳಾ ಗಾಡಿ ಬಿಡಾಕತ್ತಾಳ, ಮಾತಾಡಿಸಬ್ಯಾಡ" ಎಂದು ಇಟ್ಟರು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅತ್ತಿಗೆ ನನ್ನ ಪರ ಆಡಿದ ಮೊದಲ ಮಾತು ಅದು.

ಕಡೂರು ನಿಲ್ದಾಣ ಮುಟ್ಟಿದಾಗ ರೈಲಿಗೆ ಇಪ್ಪತ್ತು ನಿಮಿಷವಿತ್ತು. ನೆರಳಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಲಿಯಾಸನ ಮಾತಿನಂತೆ ಇಂಜಿನ್ ಚಾಲೂ ಬಿಟ್ಟೆ. ಪರ್ಸು ಕಂಕುಳಲ್ಲಿಟ್ಟುಕೊಂಡು ಚೀಲಗಳನ್ನು ಇಳಿಸಿದೆ. ಆಮೇಲೆ, ಯಜಮಾನರು ಡ್ರೈವಿಂಗ್ ಕಲಿಸಿದ ದಿನದಿಂದ ಬೈದು ಬೈದು ರೂಢಿ ಮಾಡಿಸಿದ್ದನ್ನು ಅಚ್ಚುಕಟ್ಟಾಗಿ ಪಾಲಿಸಿದೆ: ಎಲ್ಲ ಬಾಗಿಲಿನ ಲಾಕ್ ಒತ್ತಿ ಧಪ್ ಎಂದು ಹಾಕಿದೆ.

ಅತ್ತಿಗೆಯನ್ನು ರೈಲು ಹತ್ತಿಸಿ, ಕೈ ಬೀಸಿ, ಗೆದ್ದವಳ ನಡಿಗೆಯಲ್ಲಿ ಕಾರಿನ ಹತ್ತಿರ ಬಂದು ಬಾಗಿಲು ಎಳೆದೆ. ಬರಲಿಲ್ಲ. ಕೀ ಅದರ ಜಾಗದಲ್ಲೇ ತೂಗಾಡುತ್ತಿತ್ತು. ಫೋನು ಸೀಟಿನ ಮೇಲೆ ಮಲಗಿತ್ತು. ಎ.ಸಿ. ಯಾರೂ ಇಲ್ಲದ ಕಾರನ್ನು ಶ್ರದ್ಧೆಯಿಂದ ತಂಪು ಮಾಡುತ್ತಿತ್ತು.

ನಾನು ಕಡೂರಿನ ಬಿಸಿಲಲ್ಲಿ ನಿಂತೆ. ಅದು ನಮ್ಮ 'ಗಾಳಿ ಸ್ವಲ್ಪ ಕಮ್ಮಿ' ಅಲ್ಲ; ಅಸಲಿ ಬಿಸಿಲು. ಆಟೋದವನೊಬ್ಬ ಬಂದು "ಗಾಜು ಒಡೀಲಾ ಅಮ್ಮಾ?" ಎಂದು ಕಲ್ಲು ಹಿಡಿದೇ ಕೇಳಿದ. ಬೇಡ ಎಂದೆ. ಗೇಟಿನ ಬಳಿ ಎಳನೀರು ಮಾರುತ್ತಿದ್ದ ನಂಜಮ್ಮ ತನ್ನ ಫೋನು ಕೊಟ್ಟಳು. ಆಗ ಗೊತ್ತಾಯಿತು, ನನಗೆ ಬಾಯಿಪಾಠ ಬರುವುದು ಜಗತ್ತಿನಲ್ಲಿ ಒಂದೇ ನಂಬರು. ಅದನ್ನು ಒತ್ತುವ ಮೊದಲು ಬೇರೆ ಯಾವುದಾದರೂ ನೆನಪಾಗಲಿ ಎಂದು ಐದು ನಿಮಿಷ ಕಾದೆ.

"ಹೇಳಿ" ಎಂದರು ಯಜಮಾನರು, ಯಾವುದೋ ಗಿರಾಕಿ ಎಂದುಕೊಂಡು.

"ನಾನು. ಇನ್ನೊಂದು ಕೀ ಬೀರುವಲ್ಲಿದೆ. ತಗೊಂಡು ಬನ್ನಿ."

"ಕಾರು ಎಲ್ಲುಂಟು?"

"ನನ್ನ ಎದುರೇ ಇದೆ. ಚಾಲೂ ಇದೆ. ಎ.ಸಿ.ನೂ ಇದೆ. ನಾನೊಬ್ಳೇ ಹೊರಗೆ."

ಅವರು ಬಸ್ಸಿನಲ್ಲಿ ಬರಲು ಮೂರು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಗಾಜಿನಿಂದ ಪೆಟ್ರೋಲಿನ ಮುಳ್ಳು ನೋಡುತ್ತಾ, ಅದು ಇಳಿದಂತೆ ನಾನೂ ಇಳಿಯುತ್ತಾ ಕಾವಲು ಕಾದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗೆ ನಿಲ್ದಾಣದ ಎರಡು ನಾಯಿಗಳು ಬಂದು ಕಾರಿನ ಕೆಳಗೆ ಹೊಟ್ಟೆ ಹಾಸಿ ಮಲಗಿದವು. ನನ್ನ ಎ.ಸಿ. ಅವಕ್ಕೂ ದಕ್ಕಿತು.

ಕೊನೆಗೂ ಯಜಮಾನರು ಬಂದರು. ಬಿಳಿ ಷರ್ಟು ಬೆನ್ನಿಗೆ ಅಂಟಿತ್ತು. ಬಸ್ಸಿನಲ್ಲಿ ಕಡೂರಿನವರೆಗೂ ನಿಂತೇ ಬಂದಿದ್ದರಂತೆ. ಬಾಯಿಗೆ ಬಂದಂತೆ ಬೈಯಲಿ ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ, ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ತಯಾರಾಗಿದ್ದೆ. ಅವರು ನನ್ನನ್ನು ದಾಟಿ ಹೋಗಿ ಕೀ ಹಾಕಿ ಬಾಗಿಲು ತೆಗೆದರು, ಒಳಗೆ ಕೂತರು, ಬಾಗಿಲು ಹಾಕಿಕೊಂಡರು.

ನಾನು ಆ ಕಡೆಯ ಬಾಗಿಲಿಗೆ ಹೋಗಿ ಲಾಕ್ ತೆಗೆಯುತ್ತಾರೆಂದು ಕಾದೆ. ಅವರು ಸೀಟಿಗೆ ಒರಗಿ, ಷರ್ಟಿನ ಮೇಲಿನ ಎರಡು ಗುಂಡಿ ಬಿಚ್ಚಿ, ಕಣ್ಣು ಮುಚ್ಚಿದರು. ಅವರ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಮದುವೆಯ ಫೋಟೋದಲ್ಲೂ ಕಂಡಿಲ್ಲ. ಗಾಜು ತಟ್ಟಿದೆ. ಮತ್ತೂ ತಟ್ಟಿದೆ. ಗಾಜು ಒಂದೇ ಒಂದು ಬೆರಳಿನಷ್ಟು ಕೆಳಗಿಳಿಯಿತು.

"ಸ್ವಲ್ಪ ತಡಿ ಮಾರಾಯ್ತಿ. ಬಾಗ್ಲು ತೆಗೆದ್ರೆ ತಂಪೆಲ್ಲ ಹೊರಗೆ ಹೋಗ್ತದೆ."

ಗಾಜು ಮೇಲೇರಿತು.

ಇಂಥ ಸಮಯದಲ್ಲಿ ಬೇರೆ ಹೆಂಗಸಾದರೆ ಅಳುತ್ತಿದ್ದಳು. ನಾನು ನಂಜಮ್ಮನ ಹತ್ತಿರ ಹೋಗಿ ಇರುವುದರಲ್ಲಿ ದೊಡ್ಡ ಎಳನೀರನ್ನು ಆರಿಸಿ ಕೆತ್ತಿಸಿದೆ. ಅದನ್ನು ಹಿಡಿದು ಕಾರಿನ ಮುಂದಕ್ಕೆ, ಅವರ ಮೂಗಿನ ನೇರಕ್ಕೆ ನಿಂತು, ಗುಟುಕು ಗುಟುಕಾಗಿ ಕುಡಿದೆ. ಮೂರು ಗಂಟೆ ಬಸ್ಸಿನಲ್ಲಿ ನಿಂತು ಬಂದ ಗಂಟಲು ಗಾಜಿನ ಆಚೆ ಮೇಲೆ ಕೆಳಗೆ ಆಡುವುದು ನನಗೆ ಕಾಣುತ್ತಿತ್ತು. ಕಾಯಿ ಒಡೆಸಿ ಒಳಗಿನ ಎಳೆ ಗಂಜಿಯನ್ನೂ ತಿಂದೆ.

ಅವರು ಹಾರ್ನ್ ಹೊಡೆದರು. ಸದ್ದು ಗಟ್ಟಿಯಾಗಿಯೇ ಬಂತು. ಬ್ಯಾಟರಿ ತುಂಬಿದೆ, ಇನ್ನು ಅವಸರವೇನೂ ಇಲ್ಲ ಎಂದುಕೊಂಡು ನಂಜಮ್ಮನಿಗೆ ಇನ್ನೊಂದು ಕೆತ್ತಲು ಹೇಳಿದೆ.