ಪರೀಕ್ಷೆಗೆ ಹಾಕಿದ ವರ

ದುರ್ಗೇಶನಿಗೆ ಒಪ್ಪಿಸಿದ್ದು ಒಂದು ಸಣ್ಣ ಕೆಲಸ. ಹುಬ್ಬಳ್ಳಿಯ ವಧೂವರರ ಕೇಂದ್ರವೊಂದಕ್ಕೆ ಅವನು, ಸುಕನ್ಯಾ, ಗೌಸಮೊದ್ದೀನ ಮೂವರೂ ಕೂಡಿ ಬರೆದಿದ್ದ ಪ್ರೋಗ್ರಾಮಿನಲ್ಲಿ ವಯಸ್ಸಿನ ಲೆಕ್ಕ ತಪ್ಪುತ್ತಿತ್ತು. ಅದನ್ನು ಸರಿಪಡಿಸಿದ. ಸರಿಯಾಯಿತೋ ಇಲ್ಲವೋ ನೋಡಲು ಒಬ್ಬ ವರ ಬೇಕಲ್ಲ? ತನ್ನದೇ ಹೆಸರು, ಬೆಂಗೇರಿಯ ಮನೆಯ ವಿಳಾಸ ತುಂಬಿ, ಯಾವ ಕನ್ಯೆಗೆ ಹುಡುಕಿದರೂ ಈ ವರನೇ ಬರುವಂತೆ ಒಂದು ಸಾಲು ಬರೆದ.

"ನಮ್ಮದರಾಗ ಕೂಡಸೂಕಿಂತ ಮೊದ್ಲ ನಮಗೊಮ್ಮೆ ತೋರಸ್ರಿ. ಪರೀಕ್ಷೆಗೆ ಬರದದ್ದು ತಗದೀರಿಲ್ಲೋ?" ಎಂದಳು ಸುಕನ್ಯಾ.

"ಇಷ್ಟಕ್ಕ ಏನ್ ತೋರಸೂದ ಬಿಡ್ರಿ," ಎಂದವನೇ ಶನಿವಾರ ಸಂಜೆ ಎಲ್ಲರ ಕೋಡಿನೊಳಗೆ ತನ್ನದನ್ನೂ ಸೇರಿಸಿ ಬಸ್ಸು ಹಿಡಿದ. ಆ ಸಾಲು ಒಳಗೇ ಉಳಿದು ಕೇಂದ್ರದ ಕಂಪ್ಯೂಟರಿಗೂ ಹೋಯಿತು.

ಭಾನುವಾರ ಅವನಿನ್ನೂ ಹಲ್ಲುಜ್ಜುತ್ತಿದ್ದ. ರುಮಾಲಿನ ಹಿರಿಯರಿಬ್ಬರು ಕೇಂದ್ರದವರು ಕೊಟ್ಟ ಕಾಗದ ಹಿಡಿದು ಬಾಗಿಲಿಗೆ ಬಂದರು. "ವರನ ಮನಿ ಇದ ಏನ್ರಿ?" ಅವರ ಬೆನ್ನಿಗೇ ಒಂದು ಟೆಂಪೋ. ಸ್ವಲ್ಪ ಹೊತ್ತಿನಲ್ಲಿ ಅಂಗಳ ಸಕ್ಕರೆ ಬಂದ ದಿನದ ರೇಷನ್ ಅಂಗಡಿಯಂತಾಯಿತು.

ತಾಯಿ ಉಡಚವ್ವ ಹಿಗ್ಗಿನಿಂದ ಮತ್ತೆ ಮತ್ತೆ ಉಪ್ಪಿಟ್ಟಿಗೆ ರವೆ ಹುರಿದಳು. ಪಕ್ಕದ ಮನೆಯ ಮುರಿಗೆವ್ವ ಕುರ್ಚಿಗಳ ಜೊತೆಗೆ ಮಾಹಿತಿಯನ್ನೂ ತಂದಳು. "ಹುಡುಗ ಬಂಗಾರದಂಥಾಂವ ನೋಡ್ರಿ. ಸಿಟ್ಟ ಬಂದ್ರ ಅಷ್ಟ ಊಟಾ ಬಿಡ್ತಾನ. ಸಿಟ್ಟ ಮಾತ್ರ ದಿನಾ ಬರ್ತೈತಿ."

ಅಷ್ಟರಲ್ಲಿ ಒಬ್ಬರ ಕಾಗದದ ಮೇಲೆ ಇನ್ನೊಬ್ಬರ ಕಣ್ಣು ಬಿತ್ತು.

"ಎಲ್ಲಾರ ಹಾಳ್ಯಾಗೂ ಇವಂದ ಹೆಸರ! ಎಷ್ಟ ಮದಿವಿ ಆಗಾಂವ ಇಂವ?"

ದುರ್ಗೇಶ ಅದು ಪ್ರೋಗ್ರಾಮಿನ ತಪ್ಪೆಂದು ವಿವರಿಸುವಷ್ಟರಲ್ಲಿ ಅವನ ಅಂಗಿಯ ಕಾಲರು ಯಾರದೋ ಕೈಯಲ್ಲಿತ್ತು. ಬಿಡಿಸಿಕೊಂಡು ಮೂಲೆಯ ಎಸ್‌ಟಿಡಿ ಅಂಗಡಿಗೆ ಓಡಿದ.

"ಸುಕನ್ಯಾ ಅವ್ರ, ಹೆಂಗರೆ ಮಾಡಿ ಲಗೂ ನನ್ನ ಅದರಾಗಿಂದ ತಗೀರಿ!"

"ಗೌಸಮೊದ್ದೀನ ಅವ್ರಿಗೆ ತೋರಿಸಿ, ಓಡಿಸಿ ನೋಡೇ ಹಾಕ್ತೇನ್ರಿ. ನಿಮ್ಮಂಗ ಅವಸರ ಮಾಡಾಂಗಿಲ್ಲ," ಎಂದಳು ಆಕೆ.

ಬಂದವರು ಉಪ್ಪಿಟ್ಟು ಮುಗಿಸಿ, ಬೈದು ಹೋದರು. ಮಧ್ಯಾಹ್ನ ಕೊನೆಯವರಾಗಿ ಬಂದದ್ದು ಶಿರಗುಪ್ಪಿಯ ಹೊಳೆಯಪ್ಪ. ಬಟ್ಟೆ ಕೊಳ್ಳಲು ಹುಬ್ಬಳ್ಳಿಗೆ ಬಂದಿದ್ದರಿಂದ ಮಗಳು ಲಕ್ಷ್ಮೀಯೂ ಜೊತೆಗಿದ್ದಳು. ಈ ಸಲ ಮೊದಲೇ ನಿಜ ಹೇಳಿ ಕಳಿಸಬೇಕೆಂದು ದುರ್ಗೇಶ ಬಾಯಿ ತೆರೆದ.

"ದಾರ್ಯಾಗ ಯಾರೋ ಅಂದ್ರು, ಎಲ್ಲಾರ ಹಾಳ್ಯಾಗೂ ನೀವ ಬಂದೀರಂತ. ಅಷ್ಟ ಛಲೋ ಅದೀರೇನ್ರಿ?" ಎಂದು ಲಕ್ಷ್ಮೀ ನಕ್ಕಳು.

ಅವನು ತೆರೆದ ಬಾಯಿ ಮುಚ್ಚಿದ. ಆ ಸಾಲನ್ನು ತೆಗೆಯದೆ ಬಿಟ್ಟದ್ದು ಒಳ್ಳೆಯದೇ ಆಯಿತೆಂದು ಆ ದಿನ ಮೊದಲ ಸಲ ಅನ್ನಿಸಿತು. ಹೊಳೆಯಪ್ಪ ಮನೆಯನ್ನೆಲ್ಲ ನೋಡಿ, "ನಮಗ ಒಪ್ಪಿಗಿ ಐತ್ರಿ, ಅವ್ವಾರ," ಎಂದ. ಉಡಚವ್ವ ಸಕ್ಕರೆ ತರಲು ಒಳಗೆ ಓಡಿದಳು.

ಆಗ ಹೊಳೆಯಪ್ಪನ ಹೊಸ ಮೊಬೈಲು ಹೊಡೆದುಕೊಂಡಿತು. ಕೇಂದ್ರದವರು. "ಹಾಂ... ಹಾಂ... ಹೌದೇನ್ರಿ?" ಎಂದು ಕೇಳಿಸಿಕೊಂಡು ಅವನು ಮೇಲೆದ್ದ.

"ತಪ್ಪಾಗೇತಂತ್ರಿ. ಇವ್ರದು ಪರೀಕ್ಷೆಗೆ ಹಾಕಿದ ಸುಳ್ಳ ಹೆಸರಂತ. ಖರೇ ವರ ಹಳೇ ಹುಬ್ಬಳ್ಳ್ಯಾಗ ಅದಾನಂತ. ಏಳವಾ, ಹೋಗೂಣು."

"ನಾ ಇಲ್ಲೇ ಕುಂತೇನಲ್ರಿ!" ಎಂದ ದುರ್ಗೇಶ.

"ಕುಂತೀರಿ, ಖರೇ," ಎಂದ ಹೊಳೆಯಪ್ಪ ಚಪ್ಪಲಿ ಮೆಟ್ಟುತ್ತ. "ಆದ್ರ ಈ ಸಲ ಇಬ್ಬಿಬ್ಬರು ತಪಾಸ ಮಾಡಿ ಹೇಳ್ಯಾರಂತ್ರಿ, ನೀವು ಇಲ್ಲಂತ."