ದಯವಿಟ್ಟು ಹಿಂದೆ ಇಲಿ

ನನ್ನ ಮನೆಯ ಅನ್ನ ಬೇಯುವುದು ಒಂದೇ ಒಂದು ಅಕ್ಷರದಿಂದ. ಅದು ರಕಾರ. ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಪ್ರಕಟಣೆ ಹೇಳುವುದು ನನ್ನ ಉದ್ಯೋಗ. ‘ಪ್ರಯಾಣಿಕರ ಗಮನಕ್ಕೆ’ ಎಂದು ಬಾಯಿ ತೆರೆದರೆ ಸಾಕು, ರಕಾರಗಳು ಸಾಲುಗಟ್ಟಿ ಬರುತ್ತವೆ. ರೈಲು ಬರಲಿದೆ, ರೈಲು ಹೊರಡಲಿದೆ, ರೈಲು ತಡವಾಗಿ ಬರಲಿದೆ (ಹೆಚ್ಚಾಗಿ ಹೇಳುವುದು ಇದನ್ನೇ). ನನ್ನ ರಕಾರ ಕೇಳಿದರೆ ಮಲಗಿದ್ದ ಕೂಲಿಯೂ ಎದ್ದು ಕೂರುತ್ತಾನೆಂದು ನಮ್ಮ ಸ್ಟೇಷನ್ ಮಾಸ್ಟರೇ ಒಮ್ಮೆ ಹೇಳಿದ್ದರು. ಅವರು ಅದನ್ನು ಹೊಗಳಿಕೆಯಾಗಿ ಹೇಳಿದರೋ ದೂರಾಗಿ ಹೇಳಿದರೋ ನಾನು ವಿಚಾರಿಸಲು ಹೋಗಲಿಲ್ಲ.

ಇಂಥ ರಕಾರ ಚಕ್ರವರ್ತಿಯ ವಂಶದಲ್ಲಿ ಹುಟ್ಟಿದ ಮಗನಿಗೆ ರ ಬರುವುದಿಲ್ಲ. ರ ಇರಬೇಕಾದ ಕಡೆಯೆಲ್ಲ ಲ. ಬೆಳಗಾದರೆ ‘ನೀಲು ಬೇಕು’, ಸಂಜೆಯಾದರೆ ‘ಹೊಲಗೆ ಹೋಗೋಣ’. ನನ್ನ ಹೆಂಡತಿ ನನ್ನನ್ನು ‘ರೀ’ ಎಂದು ಕರೆಯುವುದನ್ನು ಕೇಳಿ ಕೇಳಿ ಅವನೂ ಒಮ್ಮೊಮ್ಮೆ ನನ್ನನ್ನು ‘ಲೀ’ ಎಂದು ಕರೆಯುತ್ತಾನೆ. ಬಾಯಿ ಮುಚ್ಚುವ ಅಭ್ಯಾಸವೇ ಇಲ್ಲದ್ದರಿಂದ ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದೇವೆ. ‘ನಿನ್ನ ಹೆಸರೇನಪ್ಪ’ ಎಂದು ಯಾರಾದರೂ ಕೇಳಿದರೆ ‘ಲೇಡಿಯೋ’ ಎನ್ನುತ್ತಾನೆ. ಕೇಳಿದವರು ಅವನ ಚಡ್ಡಿಯನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ.

ಅವನ ಅಕ್ಕನದು ಬೇರೆಯೇ ಜಾತಕ. ಅವಳು ನಡೆಯಲು ಕಲಿತದ್ದೇ ಒಂದು ಗಂಭೀರ ಸಮಾಲೋಚನೆಯ ನಂತರ. ಗೋಡೆ ಹಿಡಿದು ನಿಂತು, ನೆಲವನ್ನು ನೋಡಿ, ನಮ್ಮನ್ನು ನೋಡಿ, ಮತ್ತೆ ನೆಲವನ್ನು ನೋಡಿ ಕೂತುಬಿಡುತ್ತಿದ್ದಳು. ವಾರಗಟ್ಟಲೆ ಹೀಗೆ ಯೋಚಿಸಿ, ಒಂದು ಮಧ್ಯಾಹ್ನ ಎದ್ದು ನೆಟ್ಟಗೆ ಅಡುಗೆಮನೆಗೆ ನಡೆದುಹೋದಳು. ಬೀಳಲೇ ಇಲ್ಲ. ಮೊದಲ ಹಲ್ಲು ಬಿದ್ದಾಗಲೂ ಅಳಲಿಲ್ಲ. ಉಳಿದ ಹಲ್ಲುಗಳೆಲ್ಲ ಹಾಜರಿವೆಯೇ ಎಂದು ಕನ್ನಡಿಯ ಮುಂದೆ ತಪಾಸಣೆ ನಡೆಸಿದಳು. ಅವಳು ನಮ್ಮ ಮನೆಯ ಇನ್ಸ್‌ಪೆಕ್ಟರ್. ತಮ್ಮನೋ, ನಡೆಯುವ ಮೊದಲೇ ಓಡಿದವನು. ನಿಲ್ಲುವ ವಿದ್ಯೆ ಇನ್ನೂ ಸಿದ್ಧಿಸಿಲ್ಲ, ಎದುರಿಗೆ ಗೋಡೆ ಬಂದರೆ ನಿಲ್ಲುತ್ತಾನೆ. ಒಂದೇ ಮನೆಯ ಒಂದೇ ತಟ್ಟೆಯಲ್ಲಿ ಉಂಡು ಇಬ್ಬರು ಇಷ್ಟು ಬೇರೆಯಾಗುವುದು ಹೇಗೆ ಎಂದು ನಾನು ಬೆರಗಾಗುತ್ತಿರುತ್ತೇನೆ. ಅವರಿಬ್ಬರನ್ನೂ ನೋಡುವ ಭಾಗ್ಯ ನನ್ನ ಪಾಲಿಗೆ ಬಂದದ್ದಕ್ಕೆ, ಯಾರಿಗೆ ಹೇಳಬೇಕೋ ತಿಳಿಯದೆ, ಗಾಳಿಗೆ ಒಂದು ನಮಸ್ಕಾರ ಹಾಕುತ್ತೇನೆ.

ನಮಸ್ಕಾರ ಹಾಕಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನನ್ನ ಹೆಂಡತಿ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ. ಕತ್ತರಿಸುವ ದೊಡ್ಡ ಮೇಜು, ಹೊಲಿಗೆ ಯಂತ್ರ, ಮೂಲೆಯಲ್ಲಿ ಬಟ್ಟೆಯ ಚೂರುಗಳ ಗುಡ್ಡೆ. ಕೆಲಸ ಮಾಡುವಾಗ ಅವಳ ತುಟಿಗಳ ನಡುವೆ ಯಾವಾಗಲೂ ಗುಂಡುಸೂಜಿಗಳು. ಆದ್ದರಿಂದ ನಮ್ಮ ದಾಂಪತ್ಯದ ಬಹುಪಾಲು ‘ಹ್ಞೂ’ ಮತ್ತು ‘ಹ್ಞೂಹ್ಞೂ’ಗಳಲ್ಲೇ ಸಾಗಿದೆ (ಸುಖವಾಗಿಯೇ ಸಾಗಿದೆ). ಅವಳು ಒಳಗಿದ್ದಾಗ ಗಿರಾಕಿಗಳನ್ನು ಬರಮಾಡಿಕೊಳ್ಳುವ ಖಾತೆ ರೇಡಿಯೋನದು. ಒಂದು ದಿನ ಬ್ಯಾಂಕಿನ ಮೇಡಂ ಒಬ್ಬರು ಅಳತೆ ಕೊಡಲು ಬಂದರು. ಇವನು ಬಾಗಿಲಿಗೆ ಓಡಿಹೋಗಿ, ಸಕಲ ಮರ್ಯಾದೆಯಿಂದ ಕೈ ತೋರಿಸಿ ಹೇಳಿದ:

“ಇಲಿ. ಅಮ್ಮ ಬಲ್ತಾಳೆ.”

‘ಇರಿ, ಅಮ್ಮ ಬರ್ತಾಳೆ’ ಎಂದು ಪಾಪ ಅವನ ಅರ್ಥ. ಮೇಡಂ ಅರ್ಧ ಮಾತಿಗೇ ಸ್ಟೂಲಿನ ಮೇಲಿದ್ದರು. “ಎಲ್ಲಿ? ಎಲ್ಲಿ?” ಎಂದು ಅವರು, “ಇಲ್ಲೇ ಇಲಿ” ಎಂದು ಇವನು. ನನ್ನ ಹೆಂಡತಿ ಸೂಜಿಗಳ ನಡುವಿನಿಂದಲೇ “ಹ್ಞೂಹ್ಞೂ, ಹ್ಞೂಹ್ಞೂ” ಎಂದು ಎಷ್ಟು ಸಮಾಧಾನ ಹೇಳಿದರೂ ಆಕೆ ನಿಲ್ಲಲಿಲ್ಲ. ಅಳತೆ ಕೊಡದೆಯೇ ಹೋದರು.

ಅದನ್ನು ನಗೆಯಲ್ಲಿ ತೇಲಿಸಿಬಿಟ್ಟೆವು. ಆದರೆ ಒಂದು ಭಾನುವಾರ ಸ್ಟೇಷನ್ ಮಾಸ್ಟರು ನಮ್ಮ ಬೀದಿಯಲ್ಲಿ ಹೋಗುತ್ತಿದ್ದವರು, ಗೇಟಿನ ಮೇಲೆ ಜೋತುಬಿದ್ದಿದ್ದ ಇವನನ್ನು “ಅಪ್ಪ ಏನ್ ಮಾಡ್ತಿದಾರೆ ಮರಿ?” ಎಂದು ಮಾತಾಡಿಸಿದರಂತೆ. ನಾನು ಆಗ ಹಿತ್ತಲಲ್ಲಿ ನಮ್ಮ ಹಳೆಯ ಕಾರಿನ ಹೊಟ್ಟೆಯೊಳಗೆ ತಲೆ ತೂರಿಸಿದ್ದೆ.

“ಅಪ್ಪನ ಕಾಲು ಕೆಟ್ಟಿದೆ,” ಎಂದನಂತೆ ನನ್ನ ಸುಪುತ್ರ. “ಹಳೇ ಕಾಲು. ತಳ್ಳಿದ್ಲೆ ಮಾತ್ಲ ಹೋಗುತ್ತೆ.”

ಮರುದಿನ ಕೆಲಸಕ್ಕೆ ಹೋದರೆ ಗಾಜಿನ ಕೋಣೆಯ ಮೆಟ್ಟಿಲ ಬಳಿ ಇಬ್ಬರು ಕೂಲಿಗಳು ನನ್ನನ್ನು ಎತ್ತಿಕೊಳ್ಳಲು ಸಿದ್ಧರಾಗಿ ನಿಂತಿದ್ದರು. ಸ್ಟೇಷನ್ ಮಾಸ್ಟರು ಮರುಕದಿಂದ, “ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ? ಮನೆಯವ್ರು ದಿನಾ ತಳ್ತಾರಾ?” ಎಂದರು. ಆ ಕ್ಷಣದಲ್ಲಿ ನನ್ನ ತಲೆಗೆ ಆ ಉಜ್ವಲ ಯೋಚನೆ ಬಂತು. ಊರಿಗೆಲ್ಲ ರಕಾರ ಹಂಚುವ ನಾನು ಸ್ವಂತ ಮಗನಿಗೆ ಒಂದು ಕೊಡಲಾರೆನೇ?

ಅಂದು ಸಂಜೆಯೇ ವಿದ್ಯಾಭ್ಯಾಸ ಆರಂಭವಾಯಿತು. ಅವನನ್ನು ಮೇಜಿನ ಮೇಲೆ ಕೂರಿಸಿ, ನನ್ನ ಬಾಯಿಗೆ ನಾನೇ ಟಾರ್ಚು ಬಿಟ್ಟುಕೊಂಡು, ನಾಲಿಗೆಯ ತುದಿ ಎಲ್ಲಿ ತಾಗಬೇಕೆಂದು ತೋರಿಸಿದೆ. ಅವನು ಆಸಕ್ತಿಯಿಂದ ಬಗ್ಗಿ ನೋಡಿ, “ಅಪ್ಪಾ, ನಿನ್ನ ಹಲ್ಲಲ್ಲಿ ಏನೋ ಇದೆ,” ಎಂದ.

“ಅದಿರ್ಲಿ. ಮರ ಅನ್ನು.”

“ಮಲ.”

ಇನ್ಸ್‌ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದಳು. (ನಡೆಯಲು ಕಲಿತ ಮೇಲೆ ಅವಳು ಬಿದ್ದದ್ದು ಅದೇ ಮೊದಲು.)

“ತಪ್ಪು. ಕಾರು ಅನ್ನು.”

“ಕಾಲು.”

“ತಪ್ಪು. ಇರಿ ಅನ್ನು. ಇರ್ರ್ರಿ.”

“ಇಲ್ಲ್ಲ್ಲಿ.”

“ತಪ್ಪು.”

“ಅಪ್ಪಾ, ಅವನ ನಾಲಿಗೆ ಇನ್ನೂ ಚಿಕ್ಕದು,” ಎಂದಳು ಇನ್ಸ್‌ಪೆಕ್ಟರ್ ಎದ್ದು ಬಟ್ಟೆ ಕೊಡವಿಕೊಳ್ಳುತ್ತ. “ಬೆಳೆದ್ಮೇಲೆ ಬರುತ್ತೆ. ಬಿಟ್ಬಿಡು.” ವಯಸ್ಸಿನಲ್ಲಿ ನನಗಿಂತ ಚಿಕ್ಕವಳೆಂಬ ಒಂದೇ ಕಾರಣಕ್ಕೆ ನಾನು ಆ ಸಲಹೆಯನ್ನು ತಳ್ಳಿಹಾಕಿದೆ.

ಸಂಜೆಯಾದರೆ ಪಾಠ. ಅವನು ಒಂದು ಹೇಳುವುದು, ನಾನು ‘ತಪ್ಪು’ ಎನ್ನುವುದು. ತಪ್ಪು ಎಲ್ಲಿದೆ ಎಂದು ತೋರಿಸಲು ಅವನ ‘ಇಲಿ’ಯನ್ನು ನಾನೂ ಹೇಳಿ, ಆಮೇಲೆ ನನ್ನ ‘ಇರಿ’ಯನ್ನು ಹೇಳುತ್ತಿದ್ದೆ. ಹೀಗೆ ಅವನ ಇಲಿ ನನ್ನ ಬಾಯಲ್ಲೂ ಓಡಾಡತೊಡಗಿದ್ದು ನನಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಬೇರೆ. ಒಂದು ದಿನ ಅವನು ಲೋಟ ಹಿಡಿದು ಬಂದು “ಕುಡಿಯೋದು ಕೊಡು” ಎಂದ. ನೀರು ಎನ್ನಲಿಲ್ಲ. ಕಾರು ಹೋಗಿ “ಅಪ್ಪನ ಗಾಡಿ” ಆಯಿತು. ಬಟ್ಟಲಲ್ಲಿದ್ದ ಬಿಸ್ಕತ್ತುಗಳನ್ನು “ಒಂದು, ಒಂದು, ಒಂದು” ಎಂದು ಎಣಿಸಿದ. ಎರಡರಲ್ಲೂ ರ, ಮೂರರಲ್ಲೂ ರ. ನನ್ನ ಮಗ ಭಾಷೆಯೊಳಗೆ ರ ಇಲ್ಲದ ಸಂದಿಗೊಂದಿಗಳನ್ನು ಹುಡುಕಿಕೊಂಡು ನುಸುಳುತ್ತಿದ್ದ. ಮೊದಲು ನನಗೆ ಹೆಮ್ಮೆಯೇ ಆಯಿತು, ಎಂಥ ಬುದ್ಧಿವಂತ ಎಂದು. ಆಮೇಲೆ ಆ ಸಂದಿಗಳೂ ಮುಗಿದವೇನೋ, ಮಾತೇ ಕಡಿಮೆಯಾಯಿತು. ಗಿರಾಕಿ ಬಂದರೆ ಬಾಗಿಲಿಗೆ ಓಡುತ್ತಿದ್ದವನು ಬಟ್ಟೆಯ ಗುಡ್ಡೆಯ ಹಿಂದೆ ಕೂತುಕೊಂಡ. ಏನಾದರೂ ಬೇಕಾದರೆ ಅಕ್ಕನ ಅಂಗಿ ಎಳೆದು ಬೆರಳು ತೋರಿಸಿದ. ಸಂಜೆ ನಾನು ಟಾರ್ಚು ಹಿಡಿದು ಬಂದರೆ ತುಟಿ ಬಿಗಿದುಕೊಂಡು ನನ್ನನ್ನೇ ನೋಡಿದ.

ನನ್ನ ಹೆಂಡತಿ ಯಂತ್ರ ನಿಲ್ಲಿಸಿದಳು. ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ನಮ್ಮ ಮನೆಯಲ್ಲಿ ಸೂಜಿ ತೆಗೆದು ಆಡುವ ಮಾತೆಂದರೆ ಅದು ಕೊನೆಯ ತೀರ್ಪು.

“ರೀ, ರೇಡಿಯೋ ಆಫ್ ಮಾಡಿದ್ದು ನೀವು,” ಎಂದಳು. “ಆನ್ ಮಾಡೋದೂ ನೀವೇ.”

“ಅವನ ಒಳ್ಳೇದಕ್ಕೇ ತಾನೆ ನಾನು...”

“ಅವನು ಇಲಿ ಅಂದ್ರೂ ನನಗೆ ಅರ್ಥ ಆಗ್ತಿತ್ತು. ಈಗ ಏನೂ ಅನ್ನಲ್ಲ. ಅದನ್ನ ಹೇಗೆ ಅರ್ಥ ಮಾಡ್ಕೊಳ್ಳಲಿ?”

ಟಾರ್ಚನ್ನು ಬೀರುವಿನ ಮೇಲೆ ಎಸೆದೆ. “ಪಾಠ ಮುಗೀತಪ್ಪ, ಇನ್ನು ಇಲ್ಲ,” ಎಂದು ಅವನಿಗೆ ಹೇಳಿದೆ. ಅವನು ತಲೆಯಾಡಿಸಿದ, ಬಾಯಿ ಬಿಡಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ದಿನವಿಡೀ ‘ಲೀ, ಲೀ’ ಎಂದು ತಲೆ ತಿನ್ನುತ್ತಿದ್ದ ಆ ಧ್ವನಿಯನ್ನು ಒಮ್ಮೆ ಕೇಳಿದರೆ ಸಾಕು ಎನ್ನುವಷ್ಟು ನನಗೆ ಸಂಕಟವಾಯಿತು. ಇದ್ದಾಗ ಅದನ್ನು ಗದ್ದಲ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಆ ಚಿಂತೆಯಲ್ಲೇ ಊಟದ ಡಬ್ಬಿ ಮರೆತು ಕೆಲಸಕ್ಕೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಗಾಜಿನಾಚೆ ನೋಡಿದರೆ ನನ್ನ ಹೆಂಡತಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಡಬ್ಬಿ ಹಿಡಿದು ಪ್ಲಾಟ್‌ಫಾರಂ ಮೇಲೆ ಬರುತ್ತಿದ್ದಾಳೆ. ರೈಲು ಬರುವ ಸಮಯ. ನಾನು ಮೈಕು ಹಾಕಿ ಶುರುಮಾಡಿಯಾಗಿತ್ತು. ಅಷ್ಟರಲ್ಲಿ ರೇಡಿಯೋ ಅಮ್ಮನ ಕೈ ಜಗ್ಗುತ್ತ ಹಳಿಯ ಕಡೆ ಬಗ್ಗಿ ನೋಡತೊಡಗಿದ. ಅವನ ಚಪ್ಪಲಿ ಹಳದಿ ಗೆರೆಯ ಮೇಲಿತ್ತು. ಅವನ ಅಮ್ಮ ಬಿಗಿಯಾಗಿ ಹಿಡಿದಿದ್ದಳು, ರೈಲು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ನನ್ನ ಜೀವ ಬಾಯಿಗೆ ಬಂತು. ಬಾಯಿಗೆ ಬಂದ ಜೀವ ಎಲ್ಲ ಧ್ವನಿವರ್ಧಕಗಳಲ್ಲೂ ಮೊಳಗಿತು:

“ಪ್ರಯಾಣಿಕರೇ, ದಯವಿಟ್ಟು ಹಿಂದೆ ಇಲಿ. ಹಿಂದೆ ಇಲಿ.”

ಇಡೀ ಪ್ಲಾಟ್‌ಫಾರಂ ಒಟ್ಟಿಗೆ ಹಿಂದಕ್ಕೆ ತಿರುಗಿತು. ಒಬ್ಬಾಕೆ ತಮ್ಮ ಪೆಟ್ಟಿಗೆಯ ಮೇಲೆ ಹತ್ತಿದರು. ಕಾಲೇಜು ಹುಡುಗರು ಬೆಂಚಿನ ಮೇಲೆ ಹತ್ತಿದರು. ದಪ್ಪ ಮೀಸೆಯ ಒಬ್ಬ ಕಾವಲುಗಾರ ಲಾಠಿ ಹಿಡಿದು ತನ್ನ ಸುತ್ತ ತಾನೇ ತಿರುಗುತ್ತಿದ್ದ. ಆ ಎಲ್ಲ ಗಲಿಬಿಲಿಯ ನಡುವೆ, ಮೊದಲು ಒಂದು ಸಣ್ಣ ಕಿಲಕಿಲ, ಆಮೇಲೆ ತಡೆಯಿಲ್ಲದ ನಗು. ನನ್ನ ರೇಡಿಯೋ ನಗುತ್ತಿದ್ದ. ಅಮ್ಮನ ಕೈ ಬಿಡಿಸಿಕೊಂಡು, ಗೆರೆಗೆ ಬೆನ್ನುಹಾಕಿ, ಮೆಟ್ಟಿಲು ಹತ್ತಿ ನನ್ನ ಕೋಣೆಗೆ ನುಗ್ಗಿದ.

“ಅಪ್ಪಾ, ತಪ್ಪು,” ಎಂದ. “ಇಲಿ ಅಲ್ಲ. ಇರ್ರ್ರಿ.”

ಬೆಲ್ಲದ ಅಚ್ಚಿನಿಂದ ಬಿಡಿಸಿದ ಹಾಗೆ, ಇಡಿಯಾದ ರಕಾರ. ಅವನಿಗೇ ಆಶ್ಚರ್ಯವಾಗಿ ಇನ್ನೊಮ್ಮೆ ಹೇಳಿದ. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಇನ್ಸ್‌ಪೆಕ್ಟರ್, “ಅಪ್ಪಾ, ಮೈಕು ಆನ್ ಇದೆ,” ಎಂದಳು. ಅಷ್ಟು ಹೊತ್ತಿಗೆ ಕೆಳಗೆ ಚಪ್ಪಾಳೆ ಕೇಳುತ್ತಿತ್ತು. ನಾನು ಅವನನ್ನು ಎತ್ತಿಕೊಂಡು ಅತ್ತೆ. ಯಾಕೆ ಮುಚ್ಚಿಡಲಿ, ಅತ್ತೇಬಿಟ್ಟೆ. ರಕಾರ ಬಂದದ್ದಕ್ಕಲ್ಲ, ಮಾತು ಬಂದದ್ದಕ್ಕೆ.

ಸ್ಟೇಷನ್ ಮಾಸ್ಟರು ಬಂದು ನನ್ನ ಕಣ್ಣೀರು ನೋಡಿ ಹೆಗಲ ಮೇಲೆ ಕೈಯಿಟ್ಟರು. “ಮೊದಲು ಕಾಲು. ಈಗ ನಾಲಿಗೆ. ನೀವು ಸ್ವಲ್ಪ ದಿನ ರಜಾ ತಗೊಳ್ಳಿ,” ಎಂದರು.

ರಜೆಯಲ್ಲಿ ಮನೆಯಲ್ಲಿ ಕೂತು ದಿನವಿಡೀ ರೇಡಿಯೋ ಕೇಳಿದೆ. ಯಾವ ಕೇಂದ್ರವನ್ನೂ ಬದಲಿಸಲಿಲ್ಲ. ಆದರೆ ಹೊಸ ಆಟಿಕೆ ಸಿಕ್ಕ ಮಗು ಅದನ್ನು ಎಲ್ಲ ಕಡೆಗೂ ಒಯ್ಯುತ್ತದಲ್ಲವೇ? ಲ ಇರಬೇಕಾದ ಕಡೆಯೆಲ್ಲ ಈಗ ರ. ಹಾಲು ಹೋಗಿ ಹಾರು, ಬಾಗಿಲು ಹೋಗಿ ಬಾಗಿರು. ನನ್ನನ್ನು ‘ಲೀ’ ಎನ್ನುವವರು ಈಗ ಯಾರೂ ಇಲ್ಲ. ಅದು ಒಂದು ದಿನ ಹೇಳದೆ ಕೇಳದೆ ಹೋಯಿತು, ಅದನ್ನು ನೆನೆದರೆ ಎದೆಯಲ್ಲಿ ಏನೋ ಕಳಕ್ ಎನ್ನುತ್ತದೆ. ಈ ರ ಕೂಡ ಹಾಗೆಯೇ ತನ್ನ ಜಾಗ ಹುಡುಕಿಕೊಂಡು ಹೋಗಲಿ, ನಾನು ಟಾರ್ಚು ಮುಟ್ಟುವುದಿಲ್ಲ ಎಂದು ನಿರ್ಧರಿಸಿದೆ.

ಮೊನ್ನೆ ಸಂಜೆ ಮುಂದಿನ ಕೋಣೆಯಲ್ಲಿ, ಬಟ್ಟೆಯ ಗುಡ್ಡೆಯ ಪಕ್ಕ, ಕುರ್ಚಿಯಲ್ಲಿ ಕಾಲು ಚಾಚಿ ಪತ್ರಿಕೆ ಓದುತ್ತಿದ್ದೆ. ರೇಡಿಯೋ ಬಾಗಿಲಲ್ಲಿ ನಿಂತು, ಕಣ್ಣರಳಿಸಿ, ಮೆಲ್ಲಗೆ ಹೇಳಿದ:

“ಅಪ್ಪಾ, ಕಾರ ಹತ್ರ ಇರಿ.”

ನನ್ನ ಹೃದಯ ತುಂಬಿ ಬಂತು. ಇಷ್ಟು ದಿನ ‘ನೀನು, ತಾನು’ ಎಂದು ಏಕವಚನದಲ್ಲಿ ಕೂಗುತ್ತಿದ್ದ ಮಗ ನನಗೆ ‘ಇರಿ’ ಎನ್ನುತ್ತಿದ್ದಾನೆ. ಎಂಥ ವಿನಯ. ಕಾರಿನ ಹತ್ತಿರ ಇರಬೇಕಂತೆ, ಸುತ್ತಾಡಲು ಹೋಗುವ ಆಸೆಯಾಗಿರಬೇಕು.

“ಆಗ್ಲಿ ಮರಿ. ನೀನು ಇರು ಅಂದ್ಕಡೆ ಇರ್ತೀನಿ,” ಎಂದು ಗದ್ಗದಿತನಾಗಿ ಪತ್ರಿಕೆ ಮಡಿಸಿ, ಕಾಲನ್ನು ಚಪ್ಪಲಿಗೆ ಇಳಿಸಿದೆ.

ಚಪ್ಪಲಿಯಲ್ಲಿ ಬೇರೆಯವರಿದ್ದರು. ಅವರು ನನ್ನ ಪೈಜಾಮಾದ ಒಳದಾರಿ ಹಿಡಿದು ಮೊಣಕಾಲಿನವರೆಗೆ ಪ್ರಯಾಣ ಬೆಳೆಸಿ, ಅಲ್ಲಿಂದ ಹಿಂದಿರುಗಿ, ಬಟ್ಟೆಯ ಗುಡ್ಡೆಯೊಳಗೆ ಇಳಿದುಹೋದರು. ಅಷ್ಟು ಹೊತ್ತಿಗೆ ನಾನು ಹೆಂಡತಿಯ ಮೇಜಿನ ಮೇಲಿದ್ದೆ. ಮೈಕಿಲ್ಲದೆಯೇ ಇಡೀ ಬೀದಿಗೆ ಕೇಳುವಂತೆ “ಇಲಿ, ಇಲಿ” ಎಂದು ಘೋಷಿಸುತ್ತಿದ್ದೆ. ನನ್ನ ಹೆಂಡತಿ ಸೂಜಿಗಳ ನಡುವಿನಿಂದ ನಗಲಾರದೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

ರೇಡಿಯೋ ಮೇಜಿನ ಹತ್ತಿರ ಬಂದು, ಕತ್ತೆತ್ತಿ ನನ್ನನ್ನು ನೋಡಿ, ತುಂಬ ತಾಳ್ಮೆಯಿಂದ ತಲೆಯಾಡಿಸಿದ.

“ಅಪ್ಪಾ, ತಪ್ಪು,” ಎಂದ. “ಇರ್ರ್ರಿ.”

ಇದ್ದೆ. ಕತ್ತಲಾಗುವವರೆಗೂ ಮೇಜಿನ ಮೇಲೆಯೇ ಇದ್ದೆ.