ಗಟ್ಟಿಯಾಗಲೊಲ್ಲದ ತವರ

ವಿಜ್ಞಾನ ಮನೆಯೊಳಗೆ ಕಾಲಿಟ್ಟರೆ ನಗು ಅದರ ಬೆನ್ನಿಗೇ ಬರುತ್ತದೆ. ನಮ್ಮಲ್ಲಂತೂ ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಕೊರೊನಾ ವರ್ಷ ಕಲಬುರಗಿಯ ಪ್ರಯೋಗಾಲಯ ಮುಚ್ಚಿದಾಗ, ಪಿಎಚ್‌.ಡಿ. ಮಾಡುತ್ತಿದ್ದ ಸೊಸೆ ಪುಟ್ಟದೊಂದು ವಿದ್ಯುತ್ ಕುಲುಮೆಯನ್ನು ಸುರಪುರದ ನಮ್ಮ ಪಡಸಾಲೆಗೆ ತಂದಿಟ್ಟಳು. ಕರಗಿದ ತವರ ೨೩೨ ಡಿಗ್ರಿಗೆ ಗಟ್ಟಿಯಾಗಬೇಕು. ಆದರೆ ಅಪ್ಪಟ ತವರದ ಹನಿ ಇನ್ನೂ ತಣ್ಣಗಾದರೂ ಹಟ ಹಿಡಿದು ನೀರಾಗಿಯೇ ಇರುತ್ತದೆ. ಎಷ್ಟು ಡಿಗ್ರಿ ಹಟ ಹಿಡಿಯಿತು ಎಂಬುದರಿಂದ ಘನಕ್ಕೂ ದ್ರವಕ್ಕೂ ನಡುವಿನ ಗಡಿಯ ಶಕ್ತಿಯನ್ನು ಲೆಕ್ಕ ಹಾಕುವುದು ಅವಳ ಕೆಲಸ. ಬರೆದಿಡುವುದು ನನ್ನದು. ನಾನೂ ಆ ಕಾಲದ ಬಿ.ಎಸ್ಸಿ., ಫಸ್ಟ್ ಕ್ಲಾಸ್. ಎಡಪುಟದಲ್ಲಿ ಅಳತೆ, ಬಲಪುಟದಲ್ಲಿ ಮನೆಯ ಸುದ್ದಿ, ಎರಡಕ್ಕೂ ಗಂಟೆ-ನಿಮಿಷ. ಮೊನ್ನೆ ಆ ನೋಟ್‌ಬುಕ್ ತೆರೆದು ಕೂತ ನನಗೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

೧. ಕಲಾಯಿ ಚಾಚಾ

ಪಾತ್ರೆಗೆ ತವರದ ಕಲಾಯಿ ಹಾಕಲು ಬಂದ ಚಾಚಾ ಕುಲುಮೆಯೊಳಗೆ ಇಣುಕಿದರು.

"ಏನ್ ಕಾಯಾಕತ್ತೀರಿ ಅಮ್ಮಾ?"

"ತವರ ಎಷ್ಟೊತ್ತು ಗಟ್ಟಿ ಆಗೂದಿಲ್ಲಂತ ನೋಡಾಕತ್ತೇವಿ ಚಾಚಾ."

ಚಾಚಾ ಸೊಸೆಯನ್ನು ಮರುಕದಿಂದ ನೋಡಿದರು. "ಅದು ಗಟ್ಟಿ ಆಗಬಾರ್ದಂತ ನಾ ಜಿಂದಗಿ ಪೂರಾ ತಿದಿ ಊದೀನಿ. ನನ್ನನ್ನ ಮೊದಲೇ ಕೇಳಿದ್ರ ಈ ಹುಡುಗಿಗೆ ಇಷ್ಟು ಓದೂ ತಕಲೀಫ್ ಇರ್ತಿದ್ದಿಲ್ಲ."

೨. ನಶ್ಯದ ಡಬ್ಬಿ

ಕುಲುಮೆ ಸ್ವಲ್ಪ ಅಲುಗಿದರೂ ತವರ ಪಟ್ಟನೆ ಗಟ್ಟಿಯಾಗುತ್ತದೆ. ಅಳತೆಯ ಹೊತ್ತಿಗೆ ಶೇಂಗಾ ಚಟ್ನಿ ಕುಟ್ಟುವುದು ಬಂದ್. ಒಂದು ದಿನ ನಮ್ಮ ಯಜಮಾನರು ನಶ್ಯ ಏರಿಸಿ ಸೀನಿದ ರಭಸಕ್ಕೆ ಮೇಜೇ ನಡುಗಿತು.

"ಮಾವಾರ, ಅಳತಿ ಹೋತ್ರಿ!" ಎಂದಳು ಸೊಸೆ.

ಅವರು ತಲೆ ತಗ್ಗಿಸಿ ಡಬ್ಬಿಯನ್ನು ನನ್ನ ಕೈಗಿಟ್ಟರು. ಮತ್ತೆ ಮುಟ್ಟಲಿಲ್ಲ.

"ಮೂವತ್ತು ವರ್ಷ ನಾ ಬಡಕೊಂಡ್ರ ಬಿಡಲಿಲ್ಲ. ತವರಕ್ಕ ಹೆದರಿ ಬಿಟ್ರಲ್ಲ!" ಎಂದೆ.

"ಅದು ಒಂದ ಸಲ ಹೇಳತದ. ನೀ ದಿನಾ ಹೇಳತಿದ್ದಿ."

೩. ಸೋಮವಾರಗಳು

ಪಿಎಚ್‌.ಡಿ. ಮಾರ್ಗದರ್ಶಕರು ಗಡುವು ಕೊಟ್ಟರು: ತಿಂಗಳ ಕೊನೆಯೊಳಗೆ ಅಳತೆಗಳು ಒಂದಕ್ಕೊಂದು ಹೊಂದದಿದ್ದರೆ ಪ್ರಬಂಧದ ತವರದ ಅಧ್ಯಾಯವನ್ನೇ ಕೈಬಿಡಬೇಕು. ಅದು ಸೊಸೆಯ ಎರಡು ವರ್ಷದ ದುಡಿಮೆ. ದಿನಾ ಹೊಸ ಬಟ್ಟಲು, ಹೊಸ ತವರ; ಆದರೂ ವಾರವೆಲ್ಲ ಚೆನ್ನಾಗಿ ಬಂದ ಅಳತೆ ಒಂದು ದಿನ ಮಾತ್ರ ಕೆಡುತ್ತಿತ್ತು. ತವರ ಹಟವನ್ನೇ ಮಾಡದೆ ಗಟ್ಟಿಯಾಗಿಬಿಡುತ್ತಿತ್ತು. ಹುಡುಗಿ ಊಟ ಬಿಟ್ಟಳು. ಕೊನೆಗೆ ಮಾರ್ಗದರ್ಶಕರು ವಿಡಿಯೊ ಕರೆ ಮಾಡಿ, "ಪೂರಾ ನೋಟ್‌ಬುಕ್ ತೋರಸ್ರಿ" ಎಂದರು. ನಾನೇ ಹೆಮ್ಮೆಯಿಂದ ಪುಟ ತಿರುವಿದೆ.

"ಕೆಟ್ಟ ಅಳತಿ ಎಲ್ಲಾ ಸೋಮವಾರದ್ದೇ ಅದಾವಲ್ಲರಿ ಅಮ್ಮಾ. ಬಲಗಡಿ ಪುಟ ಓದ್ರಿ."

ಓದಿದೆ: "ಸೋಮವಾರ, ಬೆಳಿಗ್ಗೆ ೬.೧೦. ಪೂಜೆ ಆಯಿತು. ಸೊಸೆಯ ಕೆಲಸ ಕೈಗೂಡಲೆಂದು ತವರದ ಬಟ್ಟಲಿಗೂ ಒಂದು ಚಿಟಿಕೆ ವಿಭೂತಿ."

ಹೊರಗಿನ ಒಂದು ಕಣ ಸಿಕ್ಕರೂ ಸಾಕು, ತವರ ಅದಕ್ಕೇ ಅಂಟಿಕೊಂಡು ಗಟ್ಟಿಯಾಗುತ್ತದೆ. ಇದು ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

"ಅತ್ತೀ!" ಎಂದ ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಅಳಬ್ಯಾಡವಾ," ಎಂದರು ಮಾರ್ಗದರ್ಶಕರು. "ಉಳಿದ ದಿನದ ಅಳತಿ ಎಲ್ಲಾ ಹೊಂದತಾವ. ಕಲಬೆರಕಿ ಆದ್ರ ಏನಾಗತದ ಅನ್ನೂದೂ ಪುಕ್ಕಟ ಸಿಕ್ತು. ಅಧ್ಯಾಯ ಉಳೀತು." ಆಮೇಲೆ ನನ್ನ ಕಡೆ ನೋಡಿ ಮುಖ ಗಂಟಿಕ್ಕಿದರು. "ಆದ್ರ ಅಮ್ಮಾ, ಗಂಟಿ ಬರದೀರಿ, ನಿಮಿಷ ಬರದೀರಿ. ಚಿಟಿಕಿ ಎಷ್ಟು ಮಿಲಿಗ್ರಾಂ ಅಂತ ಯಾಕ ಬರೀಲಿಲ್ಲ?"

ಮುಂದಿನ ಸೋಮವಾರ ಅಕ್ಕಸಾಲಿ ಪತ್ತಾರರ ತಕ್ಕಡಿ ತರಿಸಿ, ವಿಭೂತಿ ತೂಗಿ ಪೂಜೆ ಮಾಡಿದೆ.